ಜೂನ್‌ನಲ್ಲೇ ಮುಗಿದುಹೋಗುವ ಪಂದ್ಯ: ಶಾಲಾ ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳು
ಹಾಗೂ ಎರಡೂ ಜಿಲ್ಲೆಗಳ ದೈಹಿಕ ಶಿಕ್ಷಣ ಪರಿವೀಕ್ಷಣಾಧಿಕಾರಿಗಳು, ಶಾಲೆಗಳ ಆಡಳಿತ ಮಂಡಳಿಯವರು

ಮಾನ್ಯರೇ,

ನಮ್ಮ ಶಾಲಾ ಕಬಡ್ಡಿಯಲ್ಲಿ ಈ ವರ್ಷ ಯಾರು ಗೆಲ್ಲುತ್ತಾರೆ ಅಂತ ತಿಳಿಯಲು ಈಗ ಆಟ ನೋಡಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಯಾರ ಟಿಸಿ ಯಾವ ಶಾಲೆಗೆ ಹೋಯಿತು ಅಂತ ವಿಚಾರಿಸಿದರೆ ಸಾಕು. ಮಕ್ಕಳು ಅಂಕಣಕ್ಕೆ ಇಳಿಯುವ ಹೊತ್ತಿಗೆ ಅರ್ಧ ಫಲಿತಾಂಶ ಆಗಿಹೋಗಿರುತ್ತದೆ. ಇದನ್ನು ಸರಿಮಾಡಲು ನಿಮ್ಮಿಂದ ಆಗುತ್ತದೆ. ಅದಕ್ಕೇ ಈ ಪತ್ರ.

ನಾನು ನಿವೃತ್ತ ಪಿಟಿ ಟೀಚರ್. ಗುರುಪುರ ಕೈಕಂಬದ ಆಚೀಚಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕೆಲಸ ಮಾಡಿದವಳು. ಹುಡುಗಿಯರ ಕಬಡ್ಡಿ ತಂಡ ಕಟ್ಟುವುದು ನನಗೆ ತುಂಬಾ ಇಷ್ಟದ ಕೆಲಸವಾಗಿತ್ತು. ಈಗಲೂ ತಾಲೂಕು ಮಟ್ಟದ ಪಂದ್ಯ ಎಲ್ಲೇ ಇದ್ದರೂ ಹೋಗಿ ಕೂರುತ್ತೇನೆ. ಹತ್ತು ಹದಿನೈದು ವರ್ಷದ ಹಿಂದೆ ತಾಲೂಕಿನಲ್ಲಿ ಯಾವ ಶಾಲೆ ಬೇಕಾದರೂ ಗೆಲ್ಲಬಹುದಿತ್ತು. ಒಂದು ವರ್ಷ ಎಡಪದವು ಕಡೆಯವರು, ಮತ್ತೊಂದು ವರ್ಷ ಮೂಲ್ಕಿ ಕಡೆಯವರು. ಹೋಬಳಿಯಲ್ಲಿ ಸೋತವರು ಮುಂದಿನ ವರ್ಷ ಬಂದು ಸೇಡು ತೀರಿಸಿಕೊಳ್ಳುತ್ತಿದ್ದರು. ಈಗ ಫೈನಲ್‌ನಲ್ಲಿ ಅದೇ ಎರಡು ಮೂರು ಜರ್ಸಿ. ಸೆಮಿಫೈನಲ್‌ಗಳಲ್ಲಿ ಮೊದಲ ಐದು ನಿಮಿಷದಲ್ಲೇ ಒಂದು ಆಲೌಟ್, ಅಂದರೆ ಏಳೂ ಜನ ಔಟ್. ಆಮೇಲೆ ಎದುರಿನ ಮಕ್ಕಳು ಕತ್ತು ಬಗ್ಗಿಸಿಕೊಂಡು ಸಮಯ ಮುಗಿಯಲಿ ಅಂತ ಕಾಯುತ್ತಾರೆ.

ಇದು ಹೇಗೆ ಆಗುತ್ತದೆ ಅಂತ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಆದರೂ ಬರೆಯುತ್ತೇನೆ. ಹಳ್ಳಿ ಶಾಲೆಯೊಂದರಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಹೋಬಳಿ ಮಟ್ಟದಲ್ಲಿ ಚೆನ್ನಾಗಿ ರೈಡ್ ಮಾಡುತ್ತಾಳೆ. ಬೋನಸ್ ಗೆರೆಯ ಆಚೆಗೆ ಕಾಲಿಟ್ಟು ಅಂಕ ತರುವುದು ಅವಳಿಗೆ ಸಲೀಸು. ಅಂಕಣದ ಹೊರಗೆ ಯಾರೋ ಒಬ್ಬರು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳುತ್ತಾರೆ. ಮಾರ್ಚ್ ಪರೀಕ್ಷೆ ಮುಗಿಯುವ ಹೊತ್ತಿಗೆ ಮನೆಗೆ ಫೋನ್ ಬರುತ್ತದೆ. ಫೀಸ್ ಇಲ್ಲ, ಹಾಸ್ಟೆಲ್ ಇದೆ, ಊಟ ಇದೆ, ಶೂ ಕೊಡುತ್ತೇವೆ, ಮ್ಯಾಟ್ ಇದೆ, ಪಿಯುಸಿವರೆಗೆ ನಾವೇ ನೋಡಿಕೊಳ್ಳುತ್ತೇವೆ. ಅವಳ ಅಮ್ಮ ಬೀಡಿ ಕಟ್ಟುವವರು. ಅವರು ನನ್ನ ಹತ್ತಿರ ಬಂದು, "ಎಂತ ಮಾಡುವುದು ಟೀಚರೇ, ಕಳಿಸುವುದಾ ಬೇಡವಾ?" ಅಂತ ಕೇಳಿದರು. ನಾನು ಕಳಿಸಿ ಅಂದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಆ ಮಗುವಿಗೆ ಸಿಗುವುದನ್ನು ಬೇಡ ಅನ್ನಲು ನಾನು ಯಾರು?

ಆದರೆ ಅವಳ ಜೊತೆ ಆಡುತ್ತಿದ್ದ ಉಳಿದ ಆರು ಹುಡುಗಿಯರ ಕಥೆಯನ್ನೂ ಯಾರಾದರೂ ಕೇಳಬೇಕು. ಒಂಬತ್ತನೇ ಕ್ಲಾಸಿನಲ್ಲಿ ಅವರ ಹತ್ತಿರ ರೈಡರ್ ಇಲ್ಲ. ಎದುರಿನ ರೈಡರನ್ನು ಹಿಡಿಯಲು ಎಡ ಕಾರ್ನರ್‌ನಲ್ಲಿ ನಿಲ್ಲುತ್ತಿದ್ದವಳನ್ನು ರೈಡ್‌ಗೆ ಕಳಿಸುತ್ತೇವೆ. ಅಲ್ಲಿಗೆ ಹಿಡಿತವೂ ಹೋಯಿತು. ಹೋಬಳಿಯ ಮೊದಲ ಪಂದ್ಯದಲ್ಲೇ ಸೋಲು. ಹತ್ತನೇ ಕ್ಲಾಸಿಗೆ ಬರುವಾಗ ಮನೆಯವರು "ಆಟ ಸಾಕು, ಓದು" ಅನ್ನುತ್ತಾರೆ. ಅವರಿಗೂ ಬೇರೆ ಉತ್ತರ ಗೊತ್ತಿರುವುದಿಲ್ಲ. ಮುಂದಿನ ವರ್ಷ ಎಂಟನೇ ಕ್ಲಾಸಿಗೆ ಬಂದ ಪುಟಾಣಿಗಳ ಕಣ್ಣಿಗೆ ಅಕ್ಕಂದಿರು ಆಡುವುದೇ ಬೀಳುವುದಿಲ್ಲ. ಮೂರು ವರ್ಷದಲ್ಲಿ ಆ ಶಾಲೆಯಲ್ಲಿ ಕಬಡ್ಡಿ ನಿಂತೇ ಹೋಗುತ್ತದೆ. ಒಬ್ಬಳು ಹೋದದ್ದಕ್ಕೆ ಇಷ್ಟಾಗುವುದಿಲ್ಲ. ಪ್ರತಿ ಜೂನ್‌ನಲ್ಲೂ ಒಬ್ಬೊಬ್ಬಳು ಹೋದರೆ ಆಗುತ್ತದೆ.

ಇನ್ನು ಮಳೆ. ನಮ್ಮ ಕೂಟಗಳು ನಡೆಯುವುದೇ ಮಳೆಗಾಲದ ನಡುವೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಸರ್ಕಾರಿ ಶಾಲೆಯ ಮೈದಾನ ಹೇಗಿರುತ್ತದೆ ಅಂತ ನಿಮಗೇ ಗೊತ್ತು, ಕಾಲಿಟ್ಟರೆ ಹಿಮ್ಮಡಿವರೆಗೆ ಕೆಸರು. ನಾವು ರಂಗಮಂದಿರದ ಶೀಟಿನ ಕೆಳಗೆ, ಸಿಮೆಂಟು ನೆಲದ ಮೇಲೆ ಅಭ್ಯಾಸ ಮಾಡಿಸುತ್ತಿದ್ದೆವು. ಸಿಮೆಂಟಿನ ಮೇಲೆ ಹಿಡಿತ ಕಲಿಸಲು ಆಗುವುದಿಲ್ಲ, ಬಿದ್ದರೆ ಮಂಡಿ ಒಡೆಯುತ್ತದೆ. ಹಾಗಾಗಿ ಬರೀ ಫುಟ್‌ವರ್ಕ್, ಬರೀ ಚೈನ್, ಅಂದರೆ ಕೈ ಕೈ ಹಿಡಿದು ಹಿಂದೆ ಮುಂದೆ ಓಡುವುದು. ಅದೇ ಹೊತ್ತಿಗೆ ದೊಡ್ಡ ಶಾಲೆಗಳಲ್ಲಿ ಒಳಾಂಗಣದ ಮ್ಯಾಟ್ ಮೇಲೆ ಬೆಳಿಗ್ಗೆ ಸಂಜೆ ಎರಡು ಹೊತ್ತು ಅಭ್ಯಾಸ. ಆಮೇಲೆ ಜಿಲ್ಲಾ ಮಟ್ಟದಲ್ಲಿ ಮ್ಯಾಟ್ ಹಾಸುತ್ತಾರೆ. ಮಣ್ಣಿನಲ್ಲಿ ಬರಿಗಾಲಿನಲ್ಲಿ ಆಡಿದ ಮಗು ಮೊದಲ ಸಲ ಯಾರದ್ದೋ ಶೂ ಕೇಳಿ ಹಾಕಿಕೊಂಡು ಮ್ಯಾಟ್ ಹತ್ತುತ್ತದೆ. ಶೂ ಒಂದು ಸೈಜ್ ದೊಡ್ಡದು. ತಿರುಗುವಾಗ ಕಾಲು ಒಳಗೇ ಜಾರುತ್ತದೆ. ಆ ಪಂದ್ಯವನ್ನು ಸಮಬಲದ ಪಂದ್ಯ ಅಂತ ನಾವು ದಾಖಲೆಯಲ್ಲಿ ಬರೆಯುತ್ತೇವೆ.

ಈ ಸಮಸ್ಯೆ ನಮ್ಮಲ್ಲಿ ಮಾತ್ರ ಇರುವುದಲ್ಲ. ನನ್ನ ತಮ್ಮನ ಮಗ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿದ್ದಾನೆ. ಅವನ ಹುಡುಗ ಅಲ್ಲಿನ ಶಾಲೆಯಲ್ಲಿ ರಗ್ಬಿ ಆಡುತ್ತಾನೆ. ಅವನ ದೆಸೆಯಿಂದ ನಾನೂ ಕೆಲವು ವರ್ಷದಿಂದ ಶಾಲಾ ರಗ್ಬಿ ನೋಡಲು ಶುರುಮಾಡಿದೆ. ಕಬಡ್ಡಿಯವರಿಗೆ ಅದು ಬೇಗ ಹಿಡಿಸುವ ಆಟ. ಹಿಡಿಯುವುದು, ಬೀಳಿಸುವುದು, ಕೊಸರಿಕೊಂಡು ಮುಂದೆ ಹೋಗುವುದು ಎಲ್ಲಾ ಇದೆ. ರಗ್ಬಿ ಯೂನಿಯನ್ ಅನ್ನುವ ಬಗೆಯಲ್ಲಿ ಒಂದು ತಂಡಕ್ಕೆ 15 ಜನ. ಅದರಲ್ಲಿ 8 ಜನ ಸೇರಿ ಎದುರಾಳಿಯ 8 ಜನರ ಹೆಗಲಿಗೆ ಹೆಗಲು ಕೊಟ್ಟು ತಳ್ಳುವುದಕ್ಕೆ ಸ್ಕ್ರಮ್ ಅನ್ನುತ್ತಾರೆ. ನಮ್ಮ ದೇಶದ ಶಾಲಾ ಕ್ರೀಡಾ ಒಕ್ಕೂಟದ ಪಟ್ಟಿಯಲ್ಲೂ ರಗ್ಬಿ ಸೇರಿದೆ. ಹಾಗಾಗಿ ಇದು ಪೂರ್ತಿ ಪರದೇಶದ ಮಾತೂ ಅಲ್ಲ.

ಆಕ್ಲೆಂಡಿನಲ್ಲಿ 1ಎ ಅಂತ ಶಾಲೆಗಳ ರಗ್ಬಿ ಪಂದ್ಯಾವಳಿ ಇದೆ. ನ್ಯೂಜಿಲೆಂಡಿನಲ್ಲಿ ಶಾಲಾ ರಗ್ಬಿ ಎಂದರೆ ಟಿವಿಯಲ್ಲಿ ತೋರಿಸುತ್ತಿದ್ದಷ್ಟು ದೊಡ್ಡ ವಿಷಯ. 2018ರ ಡಿಸೆಂಬರ್‌ನಲ್ಲಿ ಆ ಪಂದ್ಯಾವಳಿಯ 10 ಶಾಲೆಗಳ ಪ್ರಾಂಶುಪಾಲರು ಸೇರಿ ಒಂದು ತೀರ್ಮಾನಕ್ಕೆ ಬಂದರು. ಸೇಂಟ್ ಕೆಂಟಿಗರ್ನ್ ಕಾಲೇಜು (ಹೆಸರಿಗೆ ಕಾಲೇಜು, ಅದೂ ಶಾಲೆಯೇ) ಬೇರೆ ಶಾಲೆಗಳಿಂದ ಆಟಗಾರರನ್ನು ಸೇರಿಸಿಕೊಳ್ಳುತ್ತಿದೆ, ಹೀಗೇ ಮುಂದುವರಿದರೆ ಬರುವ ವರ್ಷ ಅದರ ವಿರುದ್ಧ ನಾವು ಆಡುವುದಿಲ್ಲ ಅಂದರು. ಯಾರೋ ಪತ್ರಿಕೆಯಲ್ಲಿ ಗೊಣಗಿದ್ದಲ್ಲ, ಪ್ರಾಂಶುಪಾಲರೇ ಸಹಿ ಹಾಕಿದ್ದು. ದೊಡ್ಡ ಸುದ್ದಿಯಾಯಿತು. ಕೊನೆಗೆ ಎಲ್ಲರೂ ಕೂತು ಮಾತಾಡಿದರು, ಹೊಸಬರನ್ನು ಸೇರಿಸಿಕೊಳ್ಳುವ ವಿಚಾರದಲ್ಲಿ ಕಟ್ಟುಪಾಡು ಬಂತು, 2019ರಲ್ಲಿ ಆ ಶಾಲೆ ಮತ್ತೆ ಆಡಿತು. ಅಲ್ಲಿ ಹೊಸದಾಗಿ ಶಾಲೆಗೆ ಸೇರಿದ ಆಟಗಾರರು ಒಂದು ತಂಡದಲ್ಲಿ ಎಷ್ಟು ಜನ ಇರಬಹುದು ಅಂತ ಮಿತಿ ಹಾಕುವ ಪದ್ಧತಿಯೂ ಇದೆ. ಈ ಮಿತಿಯ ಮಾತಿಗೆ ಆಮೇಲೆ ಬರುತ್ತೇನೆ, ನನ್ನ ಬೇಡಿಕೆ ಇರುವುದೇ ಅದರಲ್ಲಿ.

ಸುಮ್ನೆ ಬಿಟ್ಟರೆ ಏನಾಗುತ್ತದೆ ಅಂತ ನೋಡಲು ಸಿಡ್ನಿಗೆ ಹೋಗಬೇಕು. ಅಲ್ಲಿ ಜಿಪಿಎಸ್ ಅನ್ನುವ ಶಾಲೆಗಳ ಕೂಟ 1892ರಿಂದ ಇದೆ. ಹೆಚ್ಚಿನವು ಭಾರೀ ಫೀಸಿನ ಖಾಸಗಿ ಶಾಲೆಗಳು. ಸಿಡ್ನಿ ಹೈ ಒಂದೇ ಸರ್ಕಾರಿ ಶಾಲೆ, ಅಲ್ಲಿಗೆ ಪರೀಕ್ಷೆ ಬರೆದು ಸೇರಬೇಕು. ರಗ್ಬಿಯಲ್ಲಿ ಸೇಂಟ್ ಜೋಸೆಫ್ಸ್ ಕಾಲೇಜು ಗೆದ್ದಷ್ಟು ಸಲ ಬೇರೆ ಯಾರೂ ಗೆದ್ದಿಲ್ಲ. ವರ್ಷ ಹೋದ ಹಾಗೆ ಬಲದ ಅಂತರ ಎಷ್ಟಾಯಿತು ಅಂದರೆ ಸಿಡ್ನಿ ಹೈ ಮತ್ತು ಸಿಡ್ನಿ ಗ್ರಾಮರ್ ಶಾಲೆಗಳ ಮೊದಲ ತಂಡಗಳು ಮೇಲಿನ ದರ್ಜೆಯಲ್ಲಿ ಆಡುವುದನ್ನೇ ಬಿಟ್ಟು ಕೆಳಗಿನ ದರ್ಜೆಗೆ ಹೋದವು. ನೂರು ವರ್ಷಕ್ಕೂ ಮೇಲ್ಪಟ್ಟ ಕೂಟದಲ್ಲಿ ಹೀಗಾಯಿತು. ಸೋಲಿನ ಅವಮಾನಕ್ಕಿಂತ ದೊಡ್ಡ ಮಾತು ಅಲ್ಲಿ ಮಕ್ಕಳ ಮೈ. ರಗ್ಬಿಯಲ್ಲಿ ಬಲ ತೀರಾ ಏರುಪೇರಾದರೆ ಕುತ್ತಿಗೆಗೆ, ಬೆನ್ನಿಗೆ ಏಟು. ಅದಕ್ಕೇ ಆ ಆಟದ ನಿಯಮದಲ್ಲೇ ಮಕ್ಕಳಿಗೆ ರಕ್ಷಣೆ ಇದೆ. 19ರೊಳಗಿನವರ ಪಂದ್ಯದಲ್ಲಿ ಸ್ಕ್ರಮ್ ಅನ್ನು ಒಂದೂವರೆ ಮೀಟರಿಗಿಂತ ಜಾಸ್ತಿ ತಳ್ಳುವ ಹಾಗಿಲ್ಲ. ಮುಂದಿನ ಸಾಲಿನಲ್ಲಿ ತರಬೇತಿ ಇರುವ ಹುಡುಗರು ಒಂದು ತಂಡದಲ್ಲಿ ಇಲ್ಲದಿದ್ದರೆ ತಳ್ಳಾಟವೇ ಇಲ್ಲದೆ ಸ್ಕ್ರಮ್ ನಡೆಯುತ್ತದೆ. ನ್ಯೂಜಿಲೆಂಡಿನಲ್ಲಿ ತೂಕದ ಲೆಕ್ಕದಲ್ಲಿ ಬೇರೆ ಬೇರೆ ತಂಡ ಮಾಡಿ ಆಡಿಸುವುದೂ ಉಂಟು. ನಮ್ಮ ಕಬಡ್ಡಿಯಲ್ಲೂ ಕಿರಿಯರಿಗೆ ತೂಕದ ಮಿತಿ ಇದೆಯಲ್ವಾ? ಬಲ ಸರಿಸಮ ಇರಬೇಕು ಅನ್ನುವುದನ್ನು ನಾವು ಯಾವತ್ತೋ ಒಪ್ಪಿದ್ದೇವೆ. ಮಗುವನ್ನು ತಕ್ಕಡಿಯಲ್ಲಿ ನಿಲ್ಲಿಸಿ ನೋಡುತ್ತೇವೆ, ತಂಡವನ್ನು ಎಲ್ಲಿಂದ ಹೇಗೆ ಕಟ್ಟಿದರು ಅಂತ ನೋಡುವುದಿಲ್ಲ.

ಐರ್ಲೆಂಡಿನ ಲೆನ್‌ಸ್ಟರ್ ಶಾಲಾ ಸೀನಿಯರ್ ಕಪ್ 1887ರಲ್ಲಿ ಶುರುವಾಯಿತು. ಅದರಲ್ಲಿ ಡಬ್ಲಿನ್ನಿನ ಬ್ಲ್ಯಾಕ್‌ರಾಕ್ ಕಾಲೇಜು ಒಂದೇ ಸುಮಾರು 70 ಸಲ ಗೆದ್ದಿದೆ. ಓದಿದಾಗ ನನಗೆ ಗಾಬರಿಯಾಯಿತು. ಆದರೆ ಅಲ್ಲಿ ದೊಡ್ಡ ಕಪ್ಪಿನ ಕೆಳಗೆ ಇನ್ನೊಂದು ಕಪ್ ಇದೆ. ಸಣ್ಣ ಶಾಲೆಗಳು ಮೊದಲು ತಮ್ಮತಮ್ಮಲ್ಲೇ ಆಡುತ್ತವೆ. ಅದರಲ್ಲಿ ಮುಂದೆ ಬಂದವರಿಗೆ ದೊಡ್ಡ ಕಪ್ಪಿನ ಬಾಗಿಲು ತೆರೆಯುತ್ತದೆ. ಅಂದರೆ ಸಣ್ಣ ಶಾಲೆಯ ಹುಡುಗನಿಗೂ ಗೆಲ್ಲಬಹುದಾದ ಒಂದು ಫೈನಲ್ ಇದೆ. ಜೊತೆಗೆ ಹಳೆಯ ಕ್ರಮ ಅಲುಗಾಡುವುದೂ ಇದೆ. 2007ರಲ್ಲಿ ಸೇಂಟ್ ಮೈಕಲ್ಸ್ ಮೊದಲ ಸಲ ಆ ಕಪ್ ಗೆದ್ದಿತು. ಶಾಲೆಗಳ ಬಲಾಬಲ ಬದಲಾಗುವುದು ತಪ್ಪಲ್ಲ. ಬದಲಾಗಲೇಬೇಕು, ಅದರಲ್ಲೇ ಆಟದ ಸೊಗಸು ಇರುವುದು. ಬದಲಾವಣೆ ಯಾವ ದಾರಿಯಿಂದ ಬಂತು ಅನ್ನುವುದು ಮುಖ್ಯ. ವರ್ಷಗಟ್ಟಲೆ ತನ್ನ ಮಕ್ಕಳನ್ನೇ ಬೆಳೆಸಿ ಮೇಲೆ ಬಂದ ಶಾಲೆಯನ್ನು ಸೋತವರೂ ಗೌರವಿಸುತ್ತಾರೆ.

ನಮಗೆ ಹತ್ತಿರದ ಉದಾಹರಣೆ ಶ್ರೀಲಂಕಾ. ಅಲ್ಲಿ 1906ರಲ್ಲಿ ಕ್ಯಾಂಡಿಯ ಕಿಂಗ್ಸ್‌ವುಡ್ ಮತ್ತು ಟ್ರಿನಿಟಿ ಶಾಲೆಗಳ ನಡುವೆ ಮೊದಲ ಅಂತರಶಾಲಾ ರಗ್ಬಿ ಪಂದ್ಯ ನಡೆಯಿತು. ಕೊಲಂಬೊದ ರಾಯಲ್ ಕಾಲೇಜು ಮತ್ತು ಟ್ರಿನಿಟಿ 1945ರಿಂದ ಬ್ರಾಡ್ಬಿ ಶೀಲ್ಡಿಗೆ ಆಡುತ್ತಿವೆ. ಒಂದು ಪಂದ್ಯ ಕೊಲಂಬೊದಲ್ಲಿ, ಇನ್ನೊಂದು ಕ್ಯಾಂಡಿಯಲ್ಲಿ, ಎರಡರ ಅಂಕ ಕೂಡಿಸಿ ಗೆದ್ದವರಿಗೆ ಶೀಲ್ಡ್. ಹಳೆ ವಿದ್ಯಾರ್ಥಿಗಳೆಲ್ಲ ಕೆಲಸ ಬಿಟ್ಟು ನೋಡಲು ಬರುತ್ತಾರೆ. ನನಗೆ ಹಿಡಿಸಿದ್ದು ಬೇರೆ. ಇಂಥ ಹೆಸರುವಾಸಿ ಶಾಲೆಗಳ ನಡುವೆ ಇಸಿಪತನ ಅನ್ನುವ ಕೊಲಂಬೊದ ಸರ್ಕಾರಿ ಶಾಲೆ ಎದ್ದು ನಿಂತು ಅಗ್ರ ತಂಡಗಳಲ್ಲಿ ಒಂದಾಯಿತು. ಸರ್ಕಾರಿ ಶಾಲೆ ಅಂದ ಕೂಡಲೇ ಕೆಳಗೇ ಇರಬೇಕು ಅಂತ ಎಲ್ಲೂ ಬರೆದಿಲ್ಲ. ರಾಯಲ್ ಕೂಡ ಸರ್ಕಾರಿ ಶಾಲೆಯೇ.

ಹಾಸ್ಟೆಲ್ ಶಾಲೆಗಳ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಒಡಿಶಾದ ಭುವನೇಶ್ವರದಲ್ಲಿ ಕಿಸ್ ಅನ್ನುವ ಸಂಸ್ಥೆ ಆದಿವಾಸಿ ಮಕ್ಕಳನ್ನು ಇರಿಸಿಕೊಂಡು ಓದಿಸುತ್ತದೆ. ಅಲ್ಲಿನ ಹುಡುಗರು 2007ರಲ್ಲಿ ಲಂಡನ್ನಿಗೆ ಹೋಗಿ 14ರೊಳಗಿನವರ ಅಂತರರಾಷ್ಟ್ರೀಯ ಶಾಲಾ ರಗ್ಬಿ ಗೆದ್ದು ಬಂದರು. ಹಾಸ್ಟೆಲ್, ಊಟ, ತರಬೇತಿ ಒಂದೇ ಕಡೆ ಇರದಿದ್ದರೆ ಅದು ಆಗುತ್ತಿರಲಿಲ್ಲ. ನಮ್ಮ ಜಿಲ್ಲೆಯಲ್ಲೂ ಅಂಥ ಶಾಲೆಗಳು ಹಾಕುವ ದುಡ್ಡಿನಿಂದ, ಶ್ರಮದಿಂದ ಎಷ್ಟೋ ಬಡ ಮಕ್ಕಳು ರಾಜ್ಯ, ರಾಷ್ಟ್ರ ಮಟ್ಟ ನೋಡಿದ್ದಾರೆ, ಕ್ರೀಡಾ ಕೋಟಾದಲ್ಲಿ ಸೀಟು, ಕೆಲಸ ಪಡೆದಿದ್ದಾರೆ. ಅವರ ಬಾಗಿಲು ಮುಚ್ಚಿಸಿ ಅಂತ ನಾನು ಕೇಳುವುದಿಲ್ಲ. ಜಾಸ್ತಿ ತೆರೆಯಲಿ.

ಆದರೆ ಎಲ್ಲಾ ನದಿಯ ನೀರೂ ಒಂದೇ ಅಣೆಕಟ್ಟಿಗೆ ಹರಿದರೆ ಕೆಳಗಿನ ಗದ್ದೆಗೆ ಏನು ಉಳಿಯುತ್ತದೆ? ಕಾರ್ಕಳ ತಾಲೂಕಿನ ಹೆರ್ಮುಂಡೆಯಂಥ ಹಳ್ಳಿಯಿಂದ ಮಮತಾ ಪೂಜಾರಿ ಬಂದರು. ಭಾರತ ತಂಡದ ನಾಯಕಿಯಾದರು. 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡಗಳಲ್ಲಿ ಇದ್ದರು, ಅರ್ಜುನ ಪ್ರಶಸ್ತಿ ಪಡೆದರು. ಅಂಥ ಪ್ರತಿಭೆ ಮೊದಲು ಮೊಳೆಯುವುದು ಊರಿನ ಶಾಲೆಯಲ್ಲಿ, ಊರಿನ ಮೈದಾನದಲ್ಲಿ. ಅಲ್ಲಿ ಆಟವೇ ನಿಂತುಹೋದರೆ ಮುಂದಿನ ಮಗುವನ್ನು ಹಾಸ್ಟೆಲ್ ಶಾಲೆಯವರು ಎಲ್ಲಿಂದ ಹುಡುಕಿ ತರುತ್ತಾರೆ? ಇದು ಅವರಿಗೂ ನಷ್ಟದ ವ್ಯವಹಾರವೇ.

ಹಾಗಾದರೆ ಏನು ಮಾಡಬೇಕು? ಕೆಲವರು ಹೇಳುತ್ತಾರೆ, ಶಾಲೆ ಬದಲಿಸಿದ ಮಗು ಒಂದು ವರ್ಷ ಆಡಲೇಬಾರದು ಅಂತ ನಿಯಮ ಮಾಡಿ ಅಂತ. ನಾನು ಇದಕ್ಕೆ ಒಪ್ಪುವುದಿಲ್ಲ. ಪ್ರೌಢಶಾಲೆಯಲ್ಲಿ ಇರುವುದೇ ಮೂರು ವರ್ಷ. ಅದರಲ್ಲಿ ಒಂದು ವರ್ಷ ಬೆಂಚಿನ ಮೇಲೆ ಕೂರಿಸಿದರೆ ಶಿಕ್ಷೆ ಆಗುವುದು ಮಗುವಿಗೆ. ಅಪ್ಪನಿಗೆ ಮಂಗಳೂರಿನಲ್ಲಿ ಕೆಲಸ ಸಿಕ್ಕಿತು ಅಂತ ಶಾಲೆ ಬದಲಿಸಿದವರೂ ಇರುತ್ತಾರೆ, ಅವರೂ ಸಿಕ್ಕಿಬೀಳುತ್ತಾರೆ. ಹೊರೆ ಬೀಳಬೇಕಾದದ್ದು ಕರೆಸಿಕೊಂಡ ಶಾಲೆಯ ಮೇಲೆ.

ಅದಕ್ಕೆ ನಾನು ಕೇಳುವುದು ಮಿತಿ. ಒಂಬತ್ತನೇ ಅಥವಾ ಹತ್ತನೇ ತರಗತಿಗೆ ಹೊರಗಿನಿಂದ ಬಂದು ಸೇರಿದ ಆಟಗಾರರು ಅಂಕಣದ ಏಳು ಜನರಲ್ಲಿ ಒಂದು ಹೊತ್ತಿಗೆ ಇಬ್ಬರಿಗಿಂತ ಜಾಸ್ತಿ ಇರಬಾರದು. ಶಾಲೆ ಹತ್ತು ಜನರನ್ನು ಬೇಕಾದರೂ ಕರೆಸಿಕೊಳ್ಳಲಿ, ಓದಿಸಲಿ, ತರಬೇತಿ ಕೊಡಲಿ. ಆದರೆ ಉಳಿದ ಐದು ಜಾಗಕ್ಕೆ ಎಂಟನೇ ಕ್ಲಾಸಿನಿಂದ ತನ್ನಲ್ಲೇ ಇರುವ ಮಕ್ಕಳನ್ನು ಬೆಳೆಸಲೇಬೇಕು. ಆಗ ಅದೇ ದೊಡ್ಡ ಶಾಲೆಯಲ್ಲಿ ಫೀಸು ಕಟ್ಟಿ ಓದುವ ಸಾಮಾನ್ಯ ಹುಡುಗಿಗೂ ಆಡುವ ಅವಕಾಶ ಸಿಗುತ್ತದೆ. ಈಗ ಅವಳು ಬರೀ ಚಪ್ಪಾಳೆ ತಟ್ಟಲು ಬರುತ್ತಾಳೆ. ಜಾರಿ ಮಾಡುವುದು ಕಷ್ಟವೇನಲ್ಲ. ಯಾವ ಮಗು ಯಾವಾಗ ಎಲ್ಲಿಂದ ಬಂತು ಅಂತ ಇಲಾಖೆಯ ಸ್ಯಾಟ್ಸ್ ಅನ್ನುವ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲೇ ಇದೆ. ಪಂದ್ಯದ ದಿನ ವಯಸ್ಸಿನ ದಾಖಲೆ ನೋಡುವ ಹಾಗೆ ಇದನ್ನೂ ನೋಡಿದರಾಯಿತು. ಇಬ್ಬರೇ ಯಾಕೆ, ಮೂವರಿಗೆ ಬಿಡಿ ಅಂತ ನೀವು ಹೇಳಿದರೆ ನನಗೆ ತಕರಾರಿಲ್ಲ. ಒಂದು ಸಂಖ್ಯೆ ಇರಲಿ, ಎಲ್ಲರಿಗೂ ಒಂದೇ ಇರಲಿ.

ಇನ್ನೊಂದು, ಬೆಳೆಸಿದ ಶಾಲೆಯ ಹೆಸರು. ಹುಡುಗಿ ರಾಜ್ಯ ತಂಡಕ್ಕೆ ಆಯ್ಕೆಯಾದಾಗ ಹೆದ್ದಾರಿ ಬದಿಯಲ್ಲಿ ಫ್ಲೆಕ್ಸ್ ಏಳುತ್ತದೆ. ಅವಳಿಗೆ ಮೊದಲು ಕ್ಯಾಂಟ್ (ರೈಡ್‌ನಲ್ಲಿ ಬಿಡದೆ 'ಕಬಡ್ಡಿ ಕಬಡ್ಡಿ' ಅನ್ನುವುದು) ಹೇಳಿಕೊಟ್ಟ ಶಾಲೆಯ ಹೆಸರು ಅದರಲ್ಲಿ ಇರುವುದಿಲ್ಲ. ಇಲಾಖೆ ಕೊಡುವ ಪ್ರಮಾಣಪತ್ರದಲ್ಲಿ ಈಗಿನ ಶಾಲೆಯ ಕೆಳಗೆ ಮೊದಲಿನ ಶಾಲೆಯ ಹೆಸರೂ ಒಂದು ಸಾಲಿನಲ್ಲಿ ಬರಲಿ. ಜಿಲ್ಲಾ ಮಟ್ಟದಲ್ಲಿ ಸಮಗ್ರ ಪ್ರಶಸ್ತಿಗೆ ಅಂಕ ಲೆಕ್ಕ ಹಾಕುವಾಗ ಆ ಶಾಲೆಗೂ ಒಂದು ಪಾಲು ಸಿಗಲಿ. ಹಳ್ಳಿ ಶಾಲೆಯ ಹೆಡ್‌ಮಾಸ್ಟರರಿಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಎದ್ದು ನಿಂತು ಹೇಳಲು ಏನಾದರೂ ಬೇಕು. ಪಿಟಿ ಟೀಚರೇ ಇಲ್ಲದೆ ಗಣಿತದ ಮೇಷ್ಟ್ರು ಸಂಜೆ ನಿಂತು ಆಡಿಸುವ ಶಾಲೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಅವರಿಗೆ ಈ ಒಂದು ಸಾಲು ದೊಡ್ಡದು.

ಹಾಗೆಯೇ, ಐರ್ಲೆಂಡಿನವರ ಹಾಗೆ, ಕ್ರೀಡಾ ಹಾಸ್ಟೆಲ್ ಇಲ್ಲದ ಶಾಲೆಗಳಿಗೆ ತಾಲೂಕು ಮಟ್ಟದಲ್ಲಿ ಒಂದು ಪ್ರತ್ಯೇಕ ಕಪ್ ಇಡಬಹುದು. ಗೆದ್ದವರು ಮುಖ್ಯ ಸುತ್ತಿಗೆ ಬರಲಿ. ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್ ದಸರಾ ರಜೆ ಕಳೆದು ಇದನ್ನು ಮಾಡಿದರೆ ಸೋತ ಮಕ್ಕಳಿಗೂ ವರ್ಷ ಪೂರ್ತಿ ಅಭ್ಯಾಸ ಮಾಡಲು ಒಂದು ಕಾರಣ ಸಿಗುತ್ತದೆ. ಊರಿನ ಯುವಕ ಮಂಡಲಗಳು ಮ್ಯಾಟ್ ಕಬಡ್ಡಿ ಮಾಡಿಸುವಾಗ ಲೈಟು, ಸೌಂಡು, ಊಟ ಎಲ್ಲಾ ವ್ಯವಸ್ಥೆ ಮಾಡುತ್ತವೆ. ಕೇಳಿದರೆ ಶಾಲಾ ಮಕ್ಕಳಿಗೂ ಒಂದು ದಿನ ಮ್ಯಾಟ್ ಬಿಟ್ಟುಕೊಡುತ್ತಾರೆ, ನನಗೆ ಆ ನಂಬಿಕೆ ಇದೆ.

ಆಡಳಿತ ಮಂಡಳಿಯವರಿಗೆ ಒಂದು ಮಾತು. ಆಕ್ಲೆಂಡಿನಲ್ಲಿ ಜಗಳ ಹತ್ತು ಶಾಲೆಗಳ ಸಹಿಯವರೆಗೆ ಹೋಯಿತು. ಅಲ್ಲಿಯವರೆಗೆ ನಾವು ಹೋಗುವುದು ಬೇಡ. ನಿಮ್ಮ ಕೋಚ್ ಒಂದು ಹಳ್ಳಿ ಶಾಲೆಯಿಂದ ಮಗುವನ್ನು ಕರೆಯುವ ಮೊದಲು ಆ ಶಾಲೆಗೆ ಹೋಗಿ ಹೆಡ್‌ಮಾಸ್ಟರರ ಹತ್ತಿರ ಮಾತಾಡಲಿ. ಈಗ ನಮಗೆ ವಿಷಯ ಗೊತ್ತಾಗುವುದೇ ಟಿಸಿ ಕೇಳಲು ಬಂದಾಗ. ಮಗು ಹತ್ತನೇ ಕ್ಲಾಸು ಮುಗಿಸುವ ಮೊದಲೇ ಗಾಯವಾಗಿ ಆಡಲಾಗದಿದ್ದರೂ ಓದು, ಹಾಸ್ಟೆಲ್ ನಿಲ್ಲುವುದಿಲ್ಲ ಅಂತ ಬರೆದುಕೊಡಿ. ಮಂಡಿ ತಿರುಚಿಕೊಂಡ ಹುಡುಗಿಯೊಬ್ಬಳು ವರ್ಷದ ನಡುವೆ ಚೀಲ ಹಿಡಿದು ಊರಿಗೆ ವಾಪಸ್ ಬಂದದ್ದನ್ನು ನಾನು ನೋಡಿದ್ದೇನೆ. ಅವಳ ಹಳೆಯ ಬೆಂಚಿನಲ್ಲಿ ಜಾಗ ಇತ್ತು. ಆದರೆ ಅವಳು ತಲೆ ಎತ್ತಿ ಯಾರ ಹತ್ತಿರವೂ ಮಾತಾಡಲಿಲ್ಲ, ಮೈದಾನದ ಕಡೆಗೆ ಬರಲೂ ಇಲ್ಲ. ಆ ಶಾಲೆಯ ಹೆಸರು ಇಲ್ಲಿ ಬೇಡ. ಇನ್ನೊಂದು ಮಗುವಿಗೆ ಹಾಗಾಗದಂತೆ ನೋಡಿಕೊಳ್ಳಿ, ಅಷ್ಟೇ ನನ್ನ ಕೇಳಿಕೆ.

ಮಾನ್ಯ ಉಪನಿರ್ದೇಶಕರೇ, ಕ್ರೀಡಾಕೂಟಗಳ ಸುತ್ತೋಲೆ ಹೊರಡುವ ಮೊದಲು, ಮೇ ತಿಂಗಳ ಒಳಗೆ, ಒಂದು ಸಭೆ ಕರೆಯಿರಿ. ಹಾಸ್ಟೆಲ್ ಶಾಲೆಗಳ ಕೋಚ್‌ಗಳು, ಹಳ್ಳಿ ಶಾಲೆಗಳ ಪಿಟಿ ಶಿಕ್ಷಕರು, ಮಕ್ಕಳನ್ನು ಕಳಿಸಿದ ಕೆಲವು ತಂದೆ ತಾಯಂದಿರು ಒಟ್ಟಿಗೆ ಕೂರಲಿ. ಶನಿವಾರ ಮಧ್ಯಾಹ್ನ ಇಟ್ಟರೆ ಶಿಕ್ಷಕರಿಗೂ ಬರಲು ಅನುಕೂಲ. ರಾಜ್ಯದ ನಿಯಮ ಬದಲಾಗಬೇಕು ಅಂತಾದರೆ ಜಿಲ್ಲೆಯಿಂದ ಶಿಫಾರಸು ಹೋಗಲಿ, ಅಲ್ಲಿಯವರೆಗೆ ಎರಡೂ ಜಿಲ್ಲೆಯ ಶಾಲೆಗಳು ತಾವಾಗಿಯೇ ಒಪ್ಪಿ ಒಂದು ವರ್ಷ ತಾಲೂಕು ಮಟ್ಟದಲ್ಲಿ ನಡೆಸಿ ನೋಡಲಿ. ಹಳೆಯ ಪಂದ್ಯಗಳ ತಂಡದ ಪಟ್ಟಿಗಳನ್ನು ನಾನು ಇಟ್ಟುಕೊಂಡಿದ್ದೇನೆ. ಯಾವ ಮಗು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಗುರುತು ಮಾಡಿದ್ದೇನೆ. ಮಕ್ಕಳ ಹೆಸರು ಹೊರಗೆ ಬಾರದ ಹಾಗೆ ನೀವು ಬಳಸುವುದಾದರೆ ತಂದು ಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ
ಗುರುಪುರ ಕೈಕಂಬ, ಮಂಗಳೂರು